ಹಬ್ಬ ಮುಗೀತು, ಈಗ ಎಬ್ಬಿಸುವವರು ಯಾರು?

ದೀಪಾವಳಿ ಮುಗಿದ ಮೇಲಿನ ಸೋಮವಾರ ಬೆಂಗಳೂರಿನ ಆಫೀಸುಗಳು ಹೇಗಿರುತ್ತವೆ ಅಂತ ನನಗೆ ಗೊತ್ತು. ನಾನೂ ಒಂದು ಕಾಲದಲ್ಲಿ ಕತ್ತಿಗೆ ಐಡಿ ಕಾರ್ಡು ಹಾಕಿಕೊಂಡು ಓಡಾಡಿದವಳೇ. ಆ ದಿನ ಯಾರೂ ನೆಟ್ಟಗೆ ಕೆಲಸ ಮಾಡುವುದಿಲ್ಲ. ಒಬ್ಬರು ಪೇಡಾ ಡಬ್ಬಿ ತೆರೆದಿಡುತ್ತಾರೆ, ಇನ್ನೊಬ್ಬರು ಅತ್ತೆ ಕಟ್ಟಿಕೊಟ್ಟ ಚಕ್ಕುಲಿ. ಬಸ್ಸಿನವರು ಟಿಕೆಟ್ಟಿಗೆ ಎಷ್ಟು ಸುಲಿದರು, ತುಮಕೂರು ರಸ್ತೆಯಲ್ಲಿ ಎಷ್ಟು ಹೊತ್ತು ನಿಂತೆವು, ತೂಕ ಎಷ್ಟು ಜಾಸ್ತಿ ಆಯ್ತು, ಮಧ್ಯಾಹ್ನದವರೆಗೂ ಇದೇ ಮಾತು. ಎಲ್ಲರಿಗೂ ಬೇಜಾರೇ. ಆದರೆ ಹತ್ತು ಜನ ಸೇರಿ ಗೊಣಗಿದರೆ ಬೇಜಾರೂ ಬೇಗ ಖಾಲಿ ಆಗುತ್ತದೆ. ಮೇಲಾಗಿ ರಜೆ ಹಾಕಿದ ದಿನಗಳ ಸಂಬಳ ಎಲ್ಲೂ ಹೋಗುವುದಿಲ್ಲ. ಒಂದು ಮಿತಿಯೊಳಗಿನ ಸಂಬಳದವರಿಗೆ ಬೋನಸ್ ಅಂತೂ ಕನಿಷ್ಠ ಶೇ 8.33 ಅಂತ ಕಾನೂನೇ ಇದೆ.

ಸ್ವಂತ ಕೆಲಸದವರಿಗೆ ಇದು ಯಾವುದೂ ಇಲ್ಲ. ನಾನು ಪುಸ್ತಕಗಳ ಪುಟವಿನ್ಯಾಸ ಮಾಡುತ್ತೇನೆ. ಮದುವೆ ಸೀಸನ್ನಿನಲ್ಲಿ ಲಗ್ನಪತ್ರಿಕೆ, ನವೆಂಬರಿನಲ್ಲಿ ರಾಜ್ಯೋತ್ಸವದ ಸ್ಮರಣ ಸಂಚಿಕೆ. ಹನುಮಂತನಗರದ ಬಾಡಿಗೆ ಮನೆಯ ಹಾಲ್‌ನಲ್ಲಿ ಕಿಟಕಿ ಪಕ್ಕ ಒಂದು ಮೇಜು, ಅದೇ ಆಫೀಸು. ಮಾಲೀಕಳೂ ನಾನೇ, ಜವಾನಳೂ ನಾನೇ. ಹಬ್ಬಕ್ಕೆ ಊರಿಗೆ ಹೋಗಿ ಬಂದ ಮೇಲೆ ಈ ಮೇಜಿನ ಮುಂದೆ ಕೂತರೆ ಕೈ ಮೇಲೇಳುವುದಿಲ್ಲ. ಕಂಪ್ಯೂಟರ್ ಆನ್ ಮಾಡುತ್ತೇನೆ, ಅಡುಗೆಮನೆಗೆ ಹೋಗುತ್ತೇನೆ. ಇನ್ನೊಂದು ಲೋಟ ಕಾಫಿ. ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತೇನೆ. ಯಾರೂ "ಯಾಕೆ ತಡ?" ಅನ್ನುವುದಿಲ್ಲ. ಹೊರಗಿನವರಿಗೆ ಇದು ಸುಖ ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ ಆ ವಾರದ ಕಷ್ಟವೇ ಇದು.

ನಮ್ಮೂರು ಸಾಗರದ ಹತ್ತಿರ. ಮೈಸೂರು–ತಾಳಗುಪ್ಪ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಸಾಗರ ಜಂಬಗಾರು. ನಮ್ಮ ಕಡೆ ದೀಪಾವಳಿಗೆ ದೊಡ್ಡಹಬ್ಬ ಅಂತಲೇ ಹೆಸರು, ಹೆಸರಿಗೆ ತಕ್ಕ ಹಾಗೆ ದೊಡ್ಡದೇ. ನೀರು ತುಂಬುವ ದಿನ ಹಂಡೆ ತಿಕ್ಕಿ ಪೂಜೆ ಮಾಡುವುದರಿಂದ ಶುರು. ಮಾರನೇ ದಿನ ಇನ್ನೂ ಕತ್ತಲಿರುವಾಗಲೇ ಎಣ್ಣೆ ಸ್ನಾನ. ಅಮ್ಮ ನೆತ್ತಿಗೆ ಎಣ್ಣೆ ತಟ್ಟುವ ರಭಸ ನೋಡಿದರೆ ನನಗೆ ಇನ್ನೂ ಹತ್ತು ವರ್ಷ ಅಂದುಕೊಂಡ ಹಾಗಿರುತ್ತದೆ. ಪಾಡ್ಯದ ದಿನ ಗೋಪೂಜೆ. ದನಗಳ ಮೈಮೇಲೆ ಕೆಮ್ಮಣ್ಣಿನ ಅಚ್ಚು, ಕೊರಳಿಗೆ ಅಡಿಕೆ ಮತ್ತು ಚೆಂಡುಹೂವಿನ ಸರ. ರಾತ್ರಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು, ಹಾಡು ಹೇಳುತ್ತಾ ಮನೆಯಿಂದ ಮನೆಗೆ ಬರುತ್ತಾರೆ. ಅವರ ದೀಪಕ್ಕೆ ಎಣ್ಣೆ ಎರೆಯಬೇಕು, ಅಕ್ಕಿ ಕಾಯಿ ದುಡ್ಡು ಕೊಡಬೇಕು. ಅವರು ಯಾವ ಹೊತ್ತಿಗೆ ಬರುತ್ತಾರೆ ಅಂತ ಹೇಳುವ ಹಾಗಿಲ್ಲ, ಹಾಗಾಗಿ ಮನೆಮಂದಿಯೆಲ್ಲ ಎಚ್ಚರ. ಕಾಫಿ ಮೇಲೆ ಕಾಫಿ. ಹೋಳಿಗೆ, ಕಜ್ಜಾಯ, ಕೊಟ್ಟೆ ಕಡುಬು, ಒಂದಾದ ಮೇಲೊಂದು.

ಈ ಸಲ ಜಗುಲಿಯಲ್ಲಿ ಕೂತು ಅಣ್ಣನನ್ನು ಕೇಳಿದೆ. "ಹಬ್ಬ ಮುಗಿದ ಮೇಲೆ ನಿಂಗೆ ಬೇಜಾರಾಗಲ್ವಾ?"

"ಬೇಜಾರಾಗಕ್ಕೆ ಪುರುಸೊತ್ತು ಎಲ್ಲಿದೆ ಮಾರಾಯ್ತಿ? ನಾಡಿದ್ದು ಕೊನೆಗಾರ ಬರ್ತಾನೆ."

ಅಣ್ಣನದೂ ಸ್ವಂತ ಕೆಲಸವೇ. ಅಡಿಕೆ ತೋಟ. ಅವನಿಗೂ ಸಂಬಳ ಇಲ್ಲ, ಬೋನಸ್ ಇಲ್ಲ, ರಜೆ ಅಂತೂ ಕೇಳಲೇಬೇಡಿ. ಕೊಳೆರೋಗ ಬಂದರೆ, ಎಲೆಚುಕ್ಕಿ ಬಂದರೆ ಅವನೇ ಅನುಭವಿಸಬೇಕು. ಆದರೂ ಹಬ್ಬದ ಮಾರನೇ ದಿನ ಅವನು ಪಂಚೆ ಎತ್ತಿ ಕಟ್ಟಿ ಹೊರಟೇ ಬಿಡುತ್ತಾನೆ. ಅದಕ್ಕೆ ಕಾರಣ ಅವನ ಮನಸ್ಸು ಗಟ್ಟಿ ಅಂತೇನೂ ಅಲ್ಲ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರ ಇವತ್ತು ಬಂದರೆ ಇವತ್ತೇ ಕೊಯ್ಲು. ಸರದಿ ತಪ್ಪಿದರೆ ಅವನು ಮತ್ತೆ ಯಾವಾಗ ಸಿಗುತ್ತಾನೋ. ಅಷ್ಟರಲ್ಲಿ ಕಾಯಿ ಬಲಿತು ಹಣ್ಣಾಗುತ್ತದೆ, ಕೆಂಪಡಿಕೆಗೆ ಆಗುವುದಿಲ್ಲ. ಕೊಯ್ದ ಮೇಲೆ ಸುಲಿಯಲೇಬೇಕು, ಸುಲಿದ ಮೇಲೆ ಚೊಗರಿನಲ್ಲಿ, ಅಂದರೆ ಹಿಂದೆ ಅಡಿಕೆ ಬೇಯಿಸಿದ ಕೆಂಪು ನೀರಿನಲ್ಲಿ, ಬೇಯಿಸಲೇಬೇಕು, ಬೇಯಿಸಿದ್ದನ್ನು ಬಿಸಿಲಿಗೆ ಹರವಲೇಬೇಕು. ಅವನ ಕೆಲಸ ಬಾಗಿಲಿಗೇ ಬಂದು ಕೂಗುತ್ತದೆ. ನನ್ನ ಪುಟವಿನ್ಯಾಸದ ಇನ್‌ಡಿಸೈನ್ ಫೈಲ್ ಹಾಗೆ ಕೂಗುವುದಿಲ್ಲ. ಇವತ್ತು ತೆರೆದರೂ ಸರಿ, ಬುಧವಾರ ತೆರೆದರೂ ಸರಿ, ಸುಮ್ನೆ ಇರುತ್ತದೆ.

ರೈಲಿನಲ್ಲಿ ವಾಪಸ್ ಬರುವಾಗ ಇದನ್ನೇ ಯೋಚಿಸುತ್ತಿದ್ದೆ. ಸ್ವಂತ ಕೆಲಸದವರಿಗೆ ರಜೆ ಮುಗಿದದ್ದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಾವು ವಾಪಸ್ ಬಂದಿದ್ದೇವೆ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಯಾರೂ ಕಾಯುತ್ತಿರುವುದಿಲ್ಲ. ಊರಲ್ಲಿ ಇಡೀ ದಿನ ಒಬ್ಬರಲ್ಲ ಒಬ್ಬರು ಹೆಸರು ಹಿಡಿದು ಕರೆಯುತ್ತಿದ್ದರು. ಇಲ್ಲಿ ಬೆಳಿಗ್ಗೆ ಹತ್ತಕ್ಕೆ ಮೊದಲು ನನ್ನನ್ನು ಕರೆಯುವವನು ಕಸದ ಗಾಡಿಯವನು ಮಾತ್ರ, ಅವನೂ ಮೈಕಿನಲ್ಲಿ ಇಡೀ ಬೀದಿಯನ್ನು ಕರೆಯುತ್ತಾನೆ. ಹಾಗಾಗಿ ನಾನು ಮಾಡಿಕೊಂಡಿರುವ ಏರ್ಪಾಡುಗಳೆಲ್ಲ ಇದೊಂದರ ಸುತ್ತ ಇವೆ. ನಾನು ಬರುವ ಹೊತ್ತಿಗೆ ಏನಾದರೂ, ಯಾರಾದರೂ ನನ್ನ ದಾರಿ ಕಾಯುತ್ತಿರಬೇಕು.

ಮೊದಲನೆಯದು, ಹೊರಡುವ ಮುಂಚೆ ಒಂದು ಕೆಲಸವನ್ನು ಬೇಕೆಂದೇ ಅರ್ಧಕ್ಕೆ ನಿಲ್ಲಿಸುವುದು. ಎಲ್ಲ ಮುಗಿಸಿ, ಮೇಜು ಒರೆಸಿ, ಹಗುರಾಗಿ ಊರಿಗೆ ಹೋಗಬೇಕು ಅನ್ನುವವರೇ ಜಾಸ್ತಿ. ನಾನು ಇದನ್ನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ವಾಪಸ್ ಬಂದಾಗ ಖಾಲಿ ಪುಟ ಎದುರಿಗಿರುತ್ತದೆ, ಹೊಸ ಪುಸ್ತಕ, ಹೊಸ ಅಳತೆ, ಹೊಸ ಲೇಖಕ. ಮಂಕು ಹಿಡಿದ ತಲೆಗೆ ಅದು ಆಗದ ಮಾತು. ಅಮ್ಮ ಎಷ್ಟೇ ಜನ ಊಟಕ್ಕೆ ಬಂದರೂ ಹೆಪ್ಪಿಗೆ ಅಂತ ಒಂದು ಚಮಚ ಮೊಸರು ತೆಗೆದಿಡುತ್ತಾಳಲ್ಲ, ಅಷ್ಟು ಉಳಿಸಿದರೆ ಸಾಕು. ಈ ಸಲ ಒಂದು ಆತ್ಮಕಥೆ ಹಿಡಿದಿದ್ದೆ. 1/8 ಡೆಮಿ ಅಳತೆಯ ಪುಸ್ತಕ, ಅಂದರೆ ಮಡಚಿದ ಒಂದು ದೊಡ್ಡ ಹಾಳೆಯಲ್ಲಿ ಹದಿನಾರು ಪುಟ, ಅದಕ್ಕೆ ಒಂದು ಫಾರಂ ಅನ್ನುತ್ತೇವೆ. ಒಂದು ಫಾರಂನ ನಡುವೆ, ಲೇಖಕರು ಶಾಲೆಗೆ ಚಕ್ಕರ್ ಹೊಡೆದು ಜಾತ್ರೆಗೆ ಹೋಗುವ ಪುಟದಲ್ಲಿ ನಿಲ್ಲಿಸಿ ಹೊರಟೆ. ಮುಂದೇನಾಯ್ತು ಅನ್ನುವ ಕುತೂಹಲ ನನಗೇ ಇತ್ತು.

ಉಳಿಸುವ ಕೆಲಸ ಕೈಗೆ ಮಾತ್ರ ಸಂಬಂಧಿಸಿದ್ದಾದರೆ ಇನ್ನೂ ಒಳ್ಳೆಯದು. ನಮ್ಮ ಕೆಲಸದಲ್ಲಿ ಅದಕ್ಕೆ ಬರವಿಲ್ಲ. ಹಿರಿಯ ಲೇಖಕರು ಇನ್ನೂ 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲೇ ಟೈಪ್ ಮಾಡಿಸಿ ಕಳಿಸುತ್ತಾರೆ. ಅದನ್ನು ಯೂನಿಕೋಡಿಗೆ ಬದಲಾಯಿಸಿದಾಗ ಒಂದಿಷ್ಟು ಕಡೆ ಅರ್ಕಾವತ್ತು ಜಾಗ ತಪ್ಪಿರುತ್ತದೆ, ಒತ್ತಕ್ಷರ ಎಲ್ಲೋ ಹೋಗಿ ಕೂತಿರುತ್ತದೆ. ಕಣ್ಣಲ್ಲಿ ಹುಡುಕಿ ಒಂದೊಂದೇ ಸರಿಪಡಿಸಬೇಕು. ಬೇರೆ ದಿನ ಈ ಕೆಲಸ ಅಂದರೆ ನನಗೆ ಮೈ ಉರಿಯುತ್ತದೆ. ಹಬ್ಬದ ನಂತರ ಕೆಲಸಕ್ಕೆ ಕೂತ ಮೊದಲ ದಿನ ಮಾತ್ರ ಇದಕ್ಕಿಂತ ಹಿತವಾದದ್ದು ಇನ್ನೊಂದಿಲ್ಲ. ತಲೆ ಓಡಿಸಬೇಕಿಲ್ಲ, ರೇಡಿಯೋ ಹಾಕಿಕೊಳ್ಳಬಹುದು. ಸಂಜೆ ಹೊತ್ತಿಗೆ ಇಪ್ಪತ್ತು ಪುಟ ಶುದ್ಧವಾಗಿರುತ್ತದೆ, ಏನೋ ಮಾಡಿದೆ ಅನ್ನಿಸುತ್ತದೆ. ಅಕೌಂಟೆಂಟ್ ಆದರೆ ರಸೀದಿ ಜೋಡಿಸಬಹುದು, ಟೈಲರ್ ಆದರೆ ಹೆಮ್ಮಿಂಗ್, ಹುಕ್ ಹಚ್ಚುವುದು. ಹೊಸ ರವಿಕೆ ಕತ್ತರಿಸುವುದನ್ನು ಆ ದಿನಕ್ಕೆ ಇಟ್ಟುಕೊಳ್ಳಬೇಡಿ, ಅಷ್ಟೇ.

ಇನ್ನೊಂದು, ಊರಿಂದ ಬಂದ ದಿನವೇ ಕೆಲಸಕ್ಕೆ ಕೂರುವುದಿಲ್ಲ. ರೈಲು ಬೆಳಗಿನ ಜಾವ ತಂದು ಇಳಿಸುತ್ತದೆ. ಗಿರಾಕಿಗಳಿಗೆ ನಾನು ಸಿಗುವುದು ಸೋಮವಾರ ಅಂತ ಹೇಳಿರುತ್ತೇನೆ, ಬರುವುದು ಶನಿವಾರ. ಈ ಮಧ್ಯದ ದಿನ ರಜೆಯೂ ಅಲ್ಲ, ಕೆಲಸವೂ ಅಲ್ಲ. ಚೀಲ ಬಿಚ್ಚಬೇಕು. ಅಪ್ಪೆಮಿಡಿ ಉಪ್ಪಿನಕಾಯಿ ಸೋರಿದೆಯಾ ನೋಡಬೇಕು. ತೆಂಗಿನಕಾಯಿ ಎತ್ತಿಡಬೇಕು, ಬಟ್ಟೆ ಒಗೆಯಬೇಕು, ತರಕಾರಿ ತರಬೇಕು, ಮಧ್ಯಾಹ್ನ ಒಂದು ನಿದ್ದೆ ಹೊಡೆಯಬೇಕು. ಹಬ್ಬದಲ್ಲಿ ಕೆಟ್ಟ ನಿದ್ದೆಯ ಬಾಕಿ ತೀರದೆ ಬೇಜಾರು ಯಾವುದು, ಸುಸ್ತು ಯಾವುದು ಅಂತಲೇ ಗೊತ್ತಾಗುವುದಿಲ್ಲ. ಸಂಕ್ರಾಂತಿಯ ಮಾರನೇ ದಿನ ಕರಿ ಅಂತ ನಮ್ಮ ಹಿರಿಯರು ಹೊಸ ಕೆಲಸ ಯಾವುದನ್ನೂ ಶುರು ಮಾಡುತ್ತಿರಲಿಲ್ಲ. ಶಾಸ್ತ್ರ ಏನೇ ಇರಲಿ, ಒಬ್ಬಟ್ಟು ತಿಂದು ಮಲಗಿದವರಿಗೆ ಒಂದು ದಿನ ಬಿಡಬೇಕು ಅನ್ನುವ ವ್ಯವಹಾರಜ್ಞಾನವೂ ಅದರಲ್ಲಿ ಇದ್ದಿರಬೇಕು ಅಂತ ನನ್ನ ಗುಮಾನಿ.

ಎಲ್ಲಕ್ಕಿಂತ ಕೆಲಸ ಮಾಡುವುದು ಚಾಮರಾಜಪೇಟೆಯ ಪ್ರೆಸ್ಸಿಗೆ ಹೋಗುವುದು. ಫೈಲುಗಳನ್ನು ಈಗ ಮೇಲ್ ಮಾಡಿದರೆ ಸಾಕು, ಹೋಗಲೇಬೇಕು ಅಂತೇನಿಲ್ಲ. ಆದರೂ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಬರುತ್ತೇನೆ ಅಂತ ಊರಿಗೆ ಹೋಗುವ ಮುಂಚೆಯೇ ಹೇಳಿರುತ್ತೇನೆ. ಪೇಪರ್ ಆರಿಸುವುದು, ಮುಖಪುಟದ ಬಣ್ಣ ನೋಡುವುದು, ಏನೋ ಒಂದು ನೆಪ. ಹೇಳಿದ ಮೇಲೆ ಹೋಗಲೇಬೇಕಲ್ಲ. ಸ್ನಾನ ಮಾಡಿ, ಸೀರೆಯೋ ಚೂಡಿದಾರೋ ಹಾಕಿ, ತಲೆ ಬಾಚಿ ಹೊರಗೆ ಕಾಲಿಡುವಷ್ಟರಲ್ಲೇ ಅರ್ಧ ಮಂಕು ಇಳಿದಿರುತ್ತದೆ.

ಪ್ರೆಸ್ಸಿನಲ್ಲಿ ಆಯುಧಪೂಜೆಗೆ ಹಚ್ಚಿದ ಕುಂಕುಮ ಆಫ್‌ಸೆಟ್ ಮಿಷನ್ ಮೇಲೆ ಇನ್ನೂ ಹಾಗೇ ಇತ್ತು. ಇಂಕಿನ ವಾಸನೆ, ಮಿಷನ್ನಿನ ಸದ್ದು. "ಏನಮ್ಮಾ, ಹಬ್ಬ ಜೋರಾ? ನಾವಂತೂ ಇಲ್ಲೇ ಬಿದ್ದಿದ್ವಿ" ಅಂದರು ಯಜಮಾನರು. ಬೈಂಡಿಂಗ್ ವಿಭಾಗದಲ್ಲಿ ಫಾರಂ ಮಡಚುತ್ತಾ ಕೂತಿದ್ದ ಅಕ್ಕ ತಲೆ ಎತ್ತದೆಯೇ ಕೇಳಿದರು, "ಊರಿಂದ ಏನ್ ತಂದ್ರಿ ಮೇಡಂ?" ನನಗೆ ಬೇಕಾಗಿದ್ದದ್ದು ಇದೇ ಪ್ರಶ್ನೆ. ಅದಕ್ಕೇ ಅಂತ ಡಬ್ಬಿ ತುಂಬ ಕಜ್ಜಾಯ ತಂದಿದ್ದೆ. ಅಂಟು ಕೈಯಲ್ಲಿ ಫಾರಂ ಮುಟ್ಟಬಾರದು ಅಂತ ಆಯಮ್ಮ ಎದ್ದು ಕೈ ತೊಳೆದು ಬಂದು ತಿಂದರು, ತಿಂದು ಮತ್ತೆ ಕೈ ತೊಳೆದರು. ಮಿಷನ್ ಹುಡುಗನಿಗೆ ಎರಡು ಸಾಲಲಿಲ್ಲ. ಅರ್ಧ ಗಂಟೆ ಹರಟೆ. ಪೇಪರ್ ರಿಮ್ಮಿನ ರೇಟು ಏರಿದೆ ಅಂತ ಯಜಮಾನರ ಗೋಳು, ಆ ಗೋಳು ಅಲ್ಲಿ ವರ್ಷಪೂರ್ತಿ ಇದ್ದದ್ದೇ. ಆಫೀಸಿನವರಿಗೆ ಪುಕ್ಕಟೆ ಸಿಗುವ ಈ ಅರ್ಧ ಗಂಟೆಯನ್ನು ನಾನು ಆಟೋ ಬಾಡಿಗೆ ಕೊಟ್ಟು ಹೋಗಿ ತೆಗೆದುಕೊಳ್ಳುತ್ತೇನೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಪ್ರೆಸ್ ಇಲ್ಲದವರು ಏನು ಮಾಡಬೇಕು? ಸ್ನೇಹಿತೆಯೊಬ್ಬಳು ಮನೆಯಲ್ಲೇ ಅನುವಾದ ಮಾಡುತ್ತಾಳೆ. ಅವಳದೂ ನನ್ನದೂ ಒಂದು ಒಪ್ಪಂದ. ಹಬ್ಬ ಮುಗಿದ ವಾರ ಬೆಳಿಗ್ಗೆ ಒಂಬತ್ತೂವರೆಗೆ ಇಬ್ಬರಲ್ಲಿ ಒಬ್ಬರು ಫೋನ್ ಮಾಡಬೇಕು, "ಕೂತೆಯೇನೆ?" ಅಂತ ಕೇಳಿ ಇಟ್ಟುಬಿಡಬೇಕು. ಅದಕ್ಕಿಂತ ಹೆಚ್ಚು ಮಾತಾಡಬಾರದು. ಎರಡನೇ ನಿಯಮವನ್ನು ನಾವು ಪಾಲಿಸುವುದು ಕಡಿಮೆ.

ಆ ವಾರ ಮಾಡಬಾರದ್ದು ಒಂದಿದೆ. ಬದುಕಿನ ಬಗ್ಗೆ ದೊಡ್ಡ ತೀರ್ಮಾನ. ಊರಿಂದ ಬಂದ ಕೂಡಲೇ ಒಂದು ಯೋಚನೆ ತಪ್ಪದೆ ಬರುತ್ತದೆ, ಈ ಬಾಡಿಗೆ, ಈ ಧೂಳು ಯಾಕೆ ಬೇಕು, ವಾಪಸ್ ಹೋಗಿ ತೋಟ ನೋಡಿಕೊಂಡು ಇದ್ದುಬಿಡೋಣ ಅಂತ. ಅದರ ಹಿಂದೆಯೇ ಇನ್ನೊಂದು, ಸುಮ್ನೆ ಎಲ್ಲಾದರೂ ಕೆಲಸಕ್ಕೆ ಸೇರಿಬಿಡೋಣ ಅಂತ. ಎರಡೂ ತಪ್ಪಲ್ಲ. ಆದರೆ ನಾನು ಕಂಡದ್ದು ಹಬ್ಬದ ಊರು. ಜೂನ್ ತಿಂಗಳಲ್ಲಿ ಕರೆಂಟಿಲ್ಲದೆ, ಕಾಲಿಗೆ ಕಚ್ಚಿದ ಉಂಬಳ ಕಿತ್ತುಕೊಳ್ಳುತ್ತಾ, ಕೊಳೆಗೆ ಬೋರ್ಡೋ ದ್ರಾವಣ ಹೊಡೆಸಲು ಆಳು ಸಿಗದೆ ಒದ್ದಾಡುವ ಊರಲ್ಲ. ಈ ಯೋಚನೆಗಳನ್ನು ಒಂದು ಚೀಟಿಯಲ್ಲಿ ಬರೆದು ಡೈರಿಯಲ್ಲಿ ಡಿಸೆಂಬರಿನ ಪುಟಕ್ಕೆ ಸಿಕ್ಕಿಸಿಡುತ್ತೇನೆ. ಆಗಲೂ ಹಾಗೇ ಅನ್ನಿಸಿದರೆ ನೋಡೋಣ. ರೇಟು ಇಳಿಸುವುದು, ಕಿರಿಕಿರಿ ಗಿರಾಕಿಗೆ ಉದ್ದದ ಮೆಸೇಜ್ ಹಾಕುವುದು, ಇವೂ ಅದೇ ಚೀಟಿಗೆ.

ರಜೆಯ ಖುಷಿ ಇಷ್ಟು ಬೇಗ ಆರಿಹೋಗುವುದು ನನ್ನೊಬ್ಬಳ ದೌರ್ಬಲ್ಯವೇನೂ ಅಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 1,530 ಜನರನ್ನು ವಿಚಾರಿಸಿ ಮಾಡಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಗಿತ್ತು. ರಜೆಗೆ ಹೋಗಲಿರುವವರು ಹೋಗುವ ಮುಂಚೆಯೇ ಉಳಿದವರಿಗಿಂತ ಖುಷಿಯಾಗಿದ್ದರಂತೆ. ವಾಪಸ್ ಬಂದ ಮೇಲೆ ಹೆಚ್ಚಿನವರಿಗೂ ರಜೆಗೆ ಹೋಗದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ತುಂಬಾ ಆರಾಮಾಗಿ ರಜೆ ಕಳೆದವರಲ್ಲಿ ಮಾತ್ರ ಖುಷಿ ಸುಮಾರು ಎರಡು ವಾರ ಉಳಿದಿತ್ತು. ದೊಡ್ಡಹಬ್ಬದಲ್ಲಿ ಆರಾಮು ಅನ್ನುವುದು ಹೆಂಗಸರಿಗಂತೂ ಇಲ್ಲ, ಹಾಗಾಗಿ ಆ ಲೆಕ್ಕದಲ್ಲಿ ನಾವು ಬರುವುದಿಲ್ಲ. ಕಾಯುವ ಖುಷಿ ಮಾತ್ರ ನೂರಕ್ಕೆ ನೂರು ನಿಜ. ನನ್ನ ದೀಪಾವಳಿ ಶುರುವಾಗುವುದು ತಾಳಗುಪ್ಪ ರೈಲಿನ ಬುಕಿಂಗ್ ತೆರೆಯುವ ಬೆಳಿಗ್ಗೆ. ಮೊದಲು 120 ದಿನ ಮುಂಚೆ ತೆಗೆಯಬಹುದಿತ್ತು. 2024ರ ನವೆಂಬರ್ 1ರಿಂದ ಅದನ್ನು 60ಕ್ಕೆ ಇಳಿಸಿದರು. ನಮ್ಮ ಖುಷಿಯಲ್ಲಿ ಅರ್ಧಕ್ಕೆ ಕತ್ತರಿ ಹಾಕಿದ ಹಾಗಾಯಿತು ಅಂತ ರೈಲ್ವೆಯವರಿಗೆ ಯಾರು ಹೇಳಬೇಕು? ಅದಕ್ಕೇ ಒಂದು ಹಬ್ಬ ಮುಗಿದ ವಾರವೇ ಮುಂದಿನದಕ್ಕೆ ಏನಾದರೂ ಗುರುತು ಹಾಕುತ್ತೇನೆ. ದೊಡ್ಡದೇ ಆಗಬೇಕಿಲ್ಲ. ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ, ನಡೆದುಕೊಂಡು ಹೋಗುವಷ್ಟು ಹತ್ತಿರ. ಸಂಜೆ ಕೆಲಸ ಬೇಗ ಮುಗಿಸಿ, ಪೊಟ್ಟಣ ಹಿಡಿದು ಬುಲ್ ಟೆಂಪಲ್ ರಸ್ತೆ ಸುತ್ತುವುದು ಅಂತ ಈಗಾಗಲೇ ನಿಗದಿ.

ಇನ್ನು ದುಡ್ಡಿನ ಮಾತು. ಅದನ್ನು ಬಿಟ್ಟು ಬೇಜಾರಿನ ಬಗ್ಗೆ ಬರೆದರೆ ಅರ್ಧ ಸುಳ್ಳು ಬರೆದಂತೆ. ಅಕ್ಟೋಬರ್ ಬಂತೆಂದರೆ ನಮ್ಮ ಗಿರಾಕಿಗಳೆಲ್ಲರ ಬಾಯಲ್ಲಿ ಒಂದೇ ಮಂತ್ರ, "ಹಬ್ಬ ಮುಗೀಲಿ ಮೇಡಂ." ಹಬ್ಬ ಮುಗಿದರೆ "ತುಳಸಿ ಹಬ್ಬ ಆಗ್ಲಿ." ಆಮೇಲೆ "ರಾಜ್ಯೋತ್ಸವದ ಗಲಾಟೆ ಕಳೀಲಿ." ಊರಲ್ಲಿ ಕೈ ಬಿಚ್ಚಿ ಖರ್ಚು ಮಾಡಿ ಬಂದು ಬ್ಯಾಂಕ್ ಬ್ಯಾಲೆನ್ಸ್ ನೋಡಿದರೆ ಎಂಥ ಉತ್ಸಾಹವೂ ಇಳಿಯುತ್ತದೆ. ಆದ್ದರಿಂದ ಸೆಪ್ಟೆಂಬರ್ ಮುಗಿಯುವುದರೊಳಗೆ ಎಲ್ಲ ಬಿಲ್ಲು ಕಳಿಸಿಬಿಡುತ್ತೇನೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿರುವ ಉದ್ಯಮ್ ನೋಂದಣಿ ಮಾಡಿಸಿದ್ದೇನೆ, ಅದು ಪುಕ್ಕಟೆ, ಆನ್‌ಲೈನ್‌ನಲ್ಲೇ ಆಗುತ್ತದೆ. ನೋಂದಣಿ ಇರುವ ಸಣ್ಣ ಉದ್ಯಮಕ್ಕೆ ಮಾಡಿಕೊಟ್ಟ ಕೆಲಸವನ್ನು ಗಿರಾಕಿ ಒಪ್ಪಿಕೊಂಡ ದಿನದಿಂದ 15 ದಿನದಲ್ಲಿ ದುಡ್ಡು ಕೊಡಬೇಕು, ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ ಅಂತ 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯಲ್ಲಿದೆ. ಇದನ್ನು ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೇನೆ. ಜಗಳಕ್ಕಲ್ಲ, ನೆನಪಿಗೆ. ಒಬ್ಬಿಬ್ಬರು ಓದಿ ಬೇಗ ಕೊಟ್ಟದ್ದೂ ಉಂಟು, ಮುನಿಸಿಕೊಂಡದ್ದೂ ಉಂಟು.

ಜೊತೆಗೆ ಇನ್ನೊಂದು ಉಪಾಯ. ಬರುವ ಪ್ರತಿ ಪೇಮೆಂಟಿನಲ್ಲೂ ಸ್ವಲ್ಪ ಪಾಲನ್ನು ಬೇರೆ ಅಕೌಂಟಿಗೆ ಹಾಕುತ್ತೇನೆ. ಅದನ್ನು ಹಬ್ಬದ ಖರ್ಚಿಗೆ ಮುಟ್ಟುವುದಿಲ್ಲ. ವಾಪಸ್ ಬಂದ ಸೋಮವಾರ ಬೆಳಿಗ್ಗೆ ಅದನ್ನು ನನ್ನ ಖರ್ಚಿನ ಅಕೌಂಟಿಗೆ ವರ್ಗಾಯಿಸುತ್ತೇನೆ. ವಿವರ ಬರೆಯುವ ಜಾಗದಲ್ಲಿ "ರಜೆ ಸಂಬಳ" ಅಂತ ಹಾಕುತ್ತೇನೆ. ನನ್ನ ದುಡ್ಡೇ ನನಗೆ ಬಂದದ್ದು, ಗೊತ್ತು. ಆದರೂ ಫೋನಿನಲ್ಲಿ ಟಿಂಗ್ ಅಂತ ಮೆಸೇಜ್ ಬಂದಾಗ ನಗು ಬರುತ್ತದೆ. ಆ ದಿನ ನಗು ಯಾವ ದಾರಿಯಿಂದ ಬಂದರೂ ಬೇಡ ಅನ್ನುವುದಿಲ್ಲ.

ಇದೆಲ್ಲ ಹಬ್ಬದ ನಂತರದ ಸಾಧಾರಣ ಮಂಕಿನ ಮಾತು, ವಾರ ಹತ್ತು ದಿನದಲ್ಲಿ ತಾನಾಗಿ ಹೋಗುವಂಥದ್ದು. ಎರಡು ವಾರ ಕಳೆದರೂ ಹಾಸಿಗೆಯಿಂದ ಏಳಲಾಗುತ್ತಿಲ್ಲ, ಊಟ ನಿದ್ದೆ ಕೆಟ್ಟಿದೆ, ಯಾವುದರಲ್ಲೂ ಆಸೆ ಇಲ್ಲ ಅಂತಾದರೆ ಅದಕ್ಕೆ ಅರ್ಕಾವತ್ತು ತಿದ್ದಿಕೊಂಡು ಕೂರಬೇಡಿ. ಡಾಕ್ಟರ್ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯೂ ಇದೆ, 14416. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಒಬ್ಬರೇ ಮನೆಯಲ್ಲಿ ಕೂತು ಕೆಲಸ ಮಾಡುವವರಲ್ಲಿ ಮಂಕು ಹೆಚ್ಚಾದರೂ ಅಕ್ಕಪಕ್ಕದವರಿಗೆ ಬೇಗ ಗೊತ್ತಾಗುವುದಿಲ್ಲ. ಅದಕ್ಕೇ ಹೇಳಿದೆ.

ತುಳಸಿ ಹಬ್ಬ ಮುಗಿದಿದ್ದೇ ತಡ, ಲಗ್ನಪತ್ರಿಕೆಗಳು ಶುರು. ಇದನ್ನು ಬರೆಯುವ ನಡುವೆಯೇ ಒಬ್ಬ ವರನ ತಂದೆ ಮೂರು ಸಲ ಫೋನ್ ಮಾಡಿದರು. ಮೊದಲ ಸಲ ಗಣಪತಿ ಇನ್ನೂ ಸ್ವಲ್ಪ ದೊಡ್ಡದಾಗಬೇಕಿತ್ತು. ಎರಡನೇ ಸಲ ಸೋದರಮಾವನ ಹೆಸರು ಸೇರಿಸಬೇಕಿತ್ತು. ಮೂರನೇ ಸಲ, ಸೋದರಮಾವನ ಹೆಸರು ಹಾಕಿದ ಮೇಲೆ ಚಿಕ್ಕಪ್ಪನದು ಅದಕ್ಕಿಂತ ಕೆಳಗೆ ಬರುವ ಹಾಗಿಲ್ಲ, ಎರಡೂ ಒಂದೇ ಸಾಲಿನಲ್ಲಿ ಇರಬೇಕು, ಸಂಜೆಯೊಳಗೆ ಕೊಡಿ ಅಂದರು. ಕಾರ್ಡಿನ ಅಗಲಕ್ಕೆ ಎರಡು ಹೆಸರು ಹಿಡಿಯುವುದಿಲ್ಲ. ಅಕ್ಷರದ ಗಾತ್ರ ಒಂದು ಪಾಯಿಂಟ್ ಇಳಿಸಿ ನೋಡುತ್ತೇನೆ.